‘ರನ್’ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಜ್ವರ ‘ಓಡಿಸುವ’ ಮಗುವಿನಿಂದ ಶುರುವಾದ ಪ್ರಶ್ನೆ

ಹೇಮಾವತಿ ತೀರ

ತಂಗಿಯ ಮಗುವಿಗೆ ಲಸಿಕೆ ಹಾಕಿಸಲು ಹೋದ ವಾರ ಅಮ್ಮನೂ ನಾನೂ ಆಸ್ಪತ್ರೆಗೆ ಹೋಗಿದ್ದೆವು. ಹೊರಡುವಾಗ ಕೈಗೆ ಒಂದು ಮಡಿಸಿದ ಹಾಳೆ ಕೊಟ್ಟರು. ಮನೆಗೆ ಹೋದ ಮೇಲೆ ಏನೇನು ಗಮನಿಸಬೇಕು ಎಂಬುದು ಅದರಲ್ಲಿ ಕನ್ನಡದಲ್ಲೇ ಇತ್ತು. ಆಟೋದಲ್ಲಿ ಅಮ್ಮ ಅದನ್ನು ಗಟ್ಟಿಯಾಗಿ ಓದಿದರು: ‘ನಿಮ್ಮ ಮಗು ಜ್ವರವನ್ನು ಓಡಿಸುತ್ತಿದ್ದರೆ ತಕ್ಷಣ ವೈದ್ಯರನ್ನು ಕಾಣಿರಿ.’ ಓದಿ ನನ್ನ ಮುಖ ನೋಡಿದರು. ‘ಜ್ವರ ಓಡಿಸಿದರೆ ಒಳ್ಳೆಯದೇ ಅಲ್ಲವೇನೇ? ಮತ್ತೆ ವೈದ್ಯರ ಹತ್ತಿರ ಯಾಕೆ ಹೋಗಬೇಕು?’

ಅಮ್ಮ ಕೇಳಿದ್ದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಓಡಿಸುವುದೆಂದರೆ ಅಟ್ಟುವುದು. ನಾಯಿಯನ್ನು ಓಡಿಸುತ್ತೇವೆ, ಗದ್ದೆಗೆ ಬಂದ ಹಂದಿಯನ್ನು ಓಡಿಸುತ್ತೇವೆ. ಹಾಳೆಯ ಮೂಲ ಇಂಗ್ಲಿಷಿನ ‘ರನ್ನಿಂಗ್ ಎ ಫೀವರ್’ ಹೇಳುತ್ತಿದ್ದುದು ಮಗುವಿಗೆ ಜ್ವರ ಬಂದಿದ್ದರೆ ಎಂದು. ಯಂತ್ರಕ್ಕೆ ಹಾಕಿ ತೆಗೆದ ಅನುವಾದ ಅದನ್ನು ತಲೆಕೆಳಗು ಮಾಡಿಬಿಟ್ಟಿದೆ. ಕೆಳಗೆ ನೋಡಿದರೆ ‘ಓಡುವ ಮೂಗು’ ಎಂದಿದೆ. ಇನ್ನೂ ಕೆಳಗೆ ‘ನೀವು ಔಷಧದಿಂದ ಹೊರಗೆ ಓಡಿದರೆ’ ಎಂದಿದೆ. ಮೂರು ಕಡೆಯೂ ಮೂಲದಲ್ಲಿ ಇರುವುದು ‘ರನ್’ ಎಂಬ ಒಂದೇ ಪದ.

ಮರುದಿನ ಹೋಗಿ ತೋರಿಸಿದೆ. ಅಲ್ಲಿನವರು ಬೇಸರ ಮಾಡಿಕೊಳ್ಳದೆ, ‘ನೀವೇ ಬರೆದುಕೊಡಿ, ಮುಂದಿನ ಸಲ ಅಚ್ಚು ಹಾಕಿಸುತ್ತೇವೆ’ ಎಂದರು. ಬರೆಯಲು ಕುಳಿತಾಗ ನನಗೇ ಗೊಂದಲ. ಇಷ್ಟು ವರ್ಷ ಅನುವಾದ ಮಾಡಿದ್ದೇನೆ, ಆದರೆ ಈ ಪದವನ್ನು ಯಾವಾಗ ಯಾವ ಕನ್ನಡಕ್ಕೆ ತರುತ್ತೇನೆ ಎಂದು ಒಮ್ಮೆಯೂ ಕುಳಿತು ಯೋಚಿಸಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಸಾಗರದ ಇಂಗ್ಲಿಷ್ ಮೇಷ್ಟ್ರು

ಹೇಮಾವತಿ ತೀರ ಅವರೇ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಈ ಪದಕ್ಕೆ ‘ಓಡು’ ಎಂದು ಹಲಗೆಯ ಮೇಲೆ ಬರೆದು ಮುಂದಕ್ಕೆ ಹೋಗುವ ತಪ್ಪನ್ನು ನಾನೂ ಎಷ್ಟೋ ವರ್ಷ ಮಾಡಿದ್ದೇನೆ. ನಮ್ಮ ಕಾಲದಲ್ಲಿ ಐದನೆಯ ತರಗತಿಯಲ್ಲಿ ಮಗು ಕಲಿಯುತ್ತಿದ್ದ ಪದ ಅದು. ಆದರೆ ಆ ಭಾಷೆಯ ಅತಿ ದೊಡ್ಡ ಪದವೂ ಅದೇ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕೆಲಸ ಸಂಪಾದಕ ಜೇಮ್ಸ್ ಮರ್ರೆ ಅವರ ಕೈಗೆ ಬಂದದ್ದು 1879ರಲ್ಲಿ. ಮೊದಲ ಆವೃತ್ತಿ ಮುಗಿಯುವಾಗ 1928. ಅಷ್ಟರಲ್ಲಿ ಮರ್ರೆ ತೀರಿಕೊಂಡು ಹದಿಮೂರು ವರ್ಷ ಕಳೆದಿತ್ತು. 1989ರ ಎರಡನೆಯ ಆವೃತ್ತಿ ಇಪ್ಪತ್ತು ಸಂಪುಟಗಳದ್ದು. ಅದರಲ್ಲಿ ಹೆಚ್ಚು ಜಾಗ ಹಿಡಿದಿದ್ದ ಪದ ‘ಸೆಟ್’. ಅದಕ್ಕೆ 430 ಅರ್ಥ ಕೊಟ್ಟಿದ್ದರು. ಆಮೇಲೆ ನಿಘಂಟನ್ನು ಮತ್ತೆ ಮೊದಲಿನಿಂದ ಪರಿಷ್ಕರಿಸುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿ ಅದೊಂದಕ್ಕೇ 645 ಅರ್ಥಗಳನ್ನು ಎಣಿಸಿದ್ದಾರೆ. ಆ ಒಂದು ನಮೂದನ್ನು ಸಿದ್ಧಪಡಿಸಲು ಪೀಟರ್ ಗಿಲ್ಲಿವರ್ ಎಂಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತು. ಹೆರಿಗೆಯ ಲೆಕ್ಕ!

645 ಎಂದರೆ ಹೆದರಬೇಕಾಗಿಲ್ಲ. ಕಾಂಡ ಒಂದೇ. ಏನೋ ಒಂದು ತಡೆಯಿಲ್ಲದೆ ಮುಂದಕ್ಕೆ ಸಾಗುತ್ತಿದೆ ಎಂಬುದೇ ಆ ಕಾಂಡ. ಕಾಲಿರುವ ಪ್ರಾಣಿ ಸಾಗಿದರೆ ಓಟ. ನೀರು ಸಾಗಿದರೆ ಹರಿವು. ರಸ್ತೆ ಊರಿನಿಂದ ಊರಿಗೆ ಸಾಗಿದರೆ ಅದಕ್ಕೂ ಇದೇ ಪದ, ರಸ್ತೆ ಅಲುಗಾಡದೆ ಇದ್ದರೂ ಸಹ. ನಾಟಕ ದಿನದಿಂದ ದಿನಕ್ಕೆ ಸಾಗಿದರೆ, ರೋಗ ತಲೆಮಾರಿನಿಂದ ತಲೆಮಾರಿಗೆ ಸಾಗಿದರೆ, ಕರಾರಿನ ಅವಧಿ ತಿಂಗಳಿಂದ ತಿಂಗಳಿಗೆ ಸಾಗಿದರೆ ಎಲ್ಲಕ್ಕೂ ಇದೇ. ಕೈಗಾರಿಕಾ ಯುಗ ಬಂದ ಮೇಲೆ ಗಿರಣಿ, ರೈಲು, ಎಂಜಿನ್ ಎಲ್ಲವನ್ನೂ ಇಂಗ್ಲಿಷಿನವರು ಇದೇ ಪದಕ್ಕೆ ಕಟ್ಟಿದರು. ಯಂತ್ರ ‘ಓಡಿತು’. ಹಾಗೆಯೇ ಅಂಗಡಿ, ಶಾಲೆ, ದೇಶವನ್ನೂ ಯಂತ್ರದ ಹಾಗೆ ‘ಓಡಿಸುವ’ ಮಾತು ಬಲವಾಯಿತು.

ಕನ್ನಡ ಬೇರೆ ದಾರಿ ಹಿಡಿದಿದೆ ಎಂಬುದು ನನಗೆ ತಿಳಿದದ್ದು ನಿವೃತ್ತಿಯ ಹೊತ್ತಿಗೆ. ನಾವು ಅಂಗಡಿಯನ್ನು ಓಡಿಸುವುದಿಲ್ಲ, ನಡೆಸುತ್ತೇವೆ. ಸಂಸಾರ ನಡೆಸುತ್ತೇವೆ, ಸಭೆ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ. ಗಡಿಯಾರ ನಡೆಯುತ್ತದೆ. ಜಾತ್ರೆ ನಡೆಯುತ್ತದೆ. ಸಭೆಯಲ್ಲಿ ಆದದ್ದನ್ನು ಬರೆದಿಟ್ಟರೆ ಅದು ನಡವಳಿ, ಮನುಷ್ಯನ ರೀತಿಯೇ ನಡತೆ. ಇಂಗ್ಲಿಷ್ ಓಡುವ ಕಡೆಯಲ್ಲೆಲ್ಲ ಕನ್ನಡ ನಡೆಯುತ್ತದೆ. ಈ ಒಂದು ಮಾತು ಹಿಡಿದುಕೊಂಡರೆ ನಿಮ್ಮ ಅರ್ಧ ಕೆಲಸ ಆಗುತ್ತದೆ ಎಂದು ನನ್ನ ನಂಬಿಕೆ.

ಗದಗಿನ ನರ್ಸ್

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಆದರೆ ಹೇಮಾವತಿ ಅಕ್ಕನ ಹಾಳೆಗೆ ‘ನಡೆ’ ಹೊಂದುವುದಿಲ್ಲ. ಜ್ವರ ಓಡುವುದೂ ಇಲ್ಲ, ನಡೆಯುವುದೂ ಇಲ್ಲ. ಜ್ವರ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಬಿಡುತ್ತದೆ. ನಾವು ವಾರ್ಡಿನಲ್ಲಿ ತಾಯಂದಿರನ್ನು ಕೇಳುವುದೂ ಹಾಗೆಯೇ: ‘ಜ್ವರ ಬಂದು ಎಷ್ಟು ದಿನವಾಯಿತು? ಮಧ್ಯೆ ಬಿಟ್ಟಿತ್ತೇ? ಮೈ ಕಾದಿದೆಯೇ?’ ಮೂಗು ಸೋರುತ್ತದೆ ಅಥವಾ ಸುರಿಯುತ್ತದೆ. ನೆಗಡಿ ಎಂದರೆ ಮುಗಿಯಿತು, ಮೂಗಿನ ಮಾತೇ ಬೇಡ.

ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ಇದೇ ಪದವನ್ನು ಬಹುವಚನ ಮಾಡಿದರೆ ಭೇದಿ ಎಂಬ ಅರ್ಥವೂ ಇದೆ. ಯಂತ್ರ ಅದನ್ನು ‘ಓಟಗಳು’ ಎಂದು ಬರೆದರೆ ಓದಿದ ತಾಯಿಗೆ ಏನು ತಿಳಿಯಬೇಕು? ಮಗುವಿಗೆ ನೀರಿನಂತೆ ಭೇದಿಯಾಗುತ್ತಿರುವಾಗ ಓಆರ್‌ಎಸ್ ಕೊಡಬೇಕು ಎಂಬ ಸಾಲು ಅರ್ಥವಾಗದೆ ಹೋದರೆ ಅದು ಬರಿಯ ಭಾಷೆಯ ತಪ್ಪಲ್ಲ. ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ರೋಗಿಗಳಿಗೆ ಕೊಡುವ ಕಾಗದವನ್ನು ಅಚ್ಚಿಗೆ ಕಳಿಸುವ ಮುಂಚೆ, ಕನ್ನಡ ಮಾತ್ರ ಬಲ್ಲ ಒಬ್ಬ ತಾಯಿಗೆ ಓದಲು ಕೊಟ್ಟು ‘ನಿನಗೆ ಏನು ತಿಳಿಯಿತು ಹೇಳಮ್ಮ’ ಎಂದು ಕೇಳಬೇಕು. ಐದು ನಿಮಿಷದ ಕೆಲಸ.

ರೋಗ ವಂಶದಲ್ಲಿ ಸಾಗುವ ಮಾತನ್ನು ಮೇಷ್ಟ್ರು ಹೇಳಿದರು. ಅಲ್ಲಿಯೂ ನಮ್ಮ ಪ್ರಶ್ನೆ ಸರಳ: ‘ನಿಮ್ಮ ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ?’

ಕೋಡ್ ಬರೆಯುವವ

ನಮ್ಮ ಗೋಳು ಬೇರೆ. ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಬಿಡುವಿದ್ದಾಗ ಕೈಜೋಡಿಸುತ್ತೇನೆ. ಅಲ್ಲಿ ಇಡೀ ವಾಕ್ಯ ಸಿಗುವುದಿಲ್ಲ. ಒಂದು ಗುಂಡಿಯ ಮೇಲೆ ‘ರನ್’ ಎಂದಷ್ಟೇ ಇರುತ್ತದೆ. ಅದು ಆಜ್ಞೆಯೋ ನಾಮಪದವೋ ಗೊತ್ತಾಗುವುದಿಲ್ಲ. ಒಂದೇ ತಂತ್ರಾಂಶದೊಳಗೆ ಹಿಂದಿನವರು ಬೇರೆ ಬೇರೆ ಕಡೆ ‘ಚಲಾಯಿಸಿ’, ‘ನಡೆಸಿ’, ‘ಓಡಿಸಿ’, ‘ರನ್ ಮಾಡಿ’ ಎಂದು ನಾಲ್ಕು ರೀತಿ ಬರೆದಿರುವುದನ್ನು ಕಂಡಿದ್ದೇನೆ.

ನನ್ನ ಮತ ‘ಚಲಾಯಿಸಿ’ಗೆ. ವಾಹನ ಚಲಾಯಿಸು, ಅಧಿಕಾರ ಚಲಾಯಿಸು, ಮತ ಚಲಾಯಿಸು ಎಂದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು.

ಸಾಗರದ ಇಂಗ್ಲಿಷ್ ಮೇಷ್ಟ್ರು

‘ಚಲಾಯಿಸು’ ಬೇಡವೆನ್ನುವುದಿಲ್ಲ. ಆದರೆ ಕಿವಿಗೆ ಕೇಳಿಸಿಕೊಳ್ಳಿ. ‘ಪ್ರೋಗ್ರಾಂ ಚಲಿಸುತ್ತಿದೆ’ ಎಂದು ಯಾರಾದರೂ ಹೇಳುತ್ತಾರೆಯೇ? ಚಲಿಸುವುದು ಬಸ್ಸು. ‘ಪ್ರೋಗ್ರಾಂ ನಡೆಯುತ್ತಿದೆ’ ಎಂದರೆ ಮಗುವಿಗೂ ತಿಳಿಯುತ್ತದೆ. ಕೆಲಸ ನಡೆಯುತ್ತಿದೆ, ಮಾತುಕತೆ ನಡೆಯುತ್ತಿದೆ ಎಂಬ ಸಾಲಿಗೇ ಅದು ಸೇರುತ್ತದೆ. ನಡೆಯುತ್ತಿದೆ ಎಂದಾದರೆ ನಡೆಸಿ ಎಂದು ತಾನಾಗಿಯೇ ಬರುತ್ತದೆ. ಗುಂಡಿಯ ಮೇಲಿನ ಪದಕ್ಕೂ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಬರುವ ಪದಕ್ಕೂ ನಂಟು ಇರಬೇಕು.

ಕೋಡ್ ಬರೆಯುವವ

ಗುಂಡಿಗೂ ಪರದೆಯ ಸಂದೇಶಕ್ಕೂ ನಂಟಿರಬೇಕು ಎಂಬ ಮಾತು ನನಗೆ ಹೊಳೆದಿರಲಿಲ್ಲ, ಮೇಷ್ಟ್ರೇ. ನಾವು ಎರಡನ್ನೂ ಬೇರೆ ಬೇರೆ ಸಾಲುಗಳಾಗಿ ಅನುವಾದ ಮಾಡುತ್ತೇವೆ, ಎಷ್ಟೋ ಸಲ ಬೇರೆ ಬೇರೆ ಜನ. ‘ನಡೆಸಿ’, ‘ನಡೆಯುತ್ತಿದೆ’, ‘ನಡೆಯುತ್ತಿರುವಾಗ ದೋಷ ಕಂಡುಬಂದಿದೆ’. ಮೂರೂ ಒಂದಕ್ಕೊಂದು ಕೂಡಿಬರುತ್ತವೆ. ನನ್ನ ಮತ ಬದಲಾಯಿಸಿದ್ದೇನೆ.

ಕಡಲಾಚೆಯ ಕನ್ನಡತಿ

ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಬಂದ ಹೊಸತರಲ್ಲಿ ನನ್ನನ್ನು ಹೆಚ್ಚು ತಬ್ಬಿಬ್ಬು ಮಾಡಿದ್ದು ಇದೇ ಪದ. ಒಬ್ಬ ಸಹೋದ್ಯೋಗಿ ತನ್ನ ಅಕ್ಕ ಶಾಲಾ ಮಂಡಳಿಗೆ ‘ಓಡುತ್ತಿದ್ದಾಳೆ’ ಎಂದಾಗ, ಪಾಪ, ತಡವಾಗಿದೆಯೇನೋ ಎಂದುಕೊಂಡೆ. ಆಕೆ ಚುನಾವಣೆಗೆ ನಿಂತಿದ್ದಳು.

ಇಲ್ಲಿ ಅಭ್ಯರ್ಥಿ ಓಡುತ್ತಾನೆ. ಬ್ರಿಟನ್ನಿನಲ್ಲಿ ಅದೇ ಅಭ್ಯರ್ಥಿ ನಿಲ್ಲುತ್ತಾನೆ. ನಮ್ಮಲ್ಲಿಯೂ ನಿಲ್ಲುವುದೇ. ಅದಕ್ಕಿಂತ ನನಗೆ ಇಷ್ಟವಾಗುವುದು ನಮ್ಮ ಪತ್ರಿಕೆಗಳ ‘ಕಣಕ್ಕಿಳಿದರು’. ಕಣವೆಂದರೆ ಸುಗ್ಗಿಯಲ್ಲಿ ರಾಗಿ ಬಡಿಯುವ ಜಾಗ, ಕಾದಾಡುವ ಜಾಗವೂ ಅದೇ. ಅಜ್ಜನ ಮನೆಯ ಕಣದಲ್ಲಿ ಸಗಣಿ ಸಾರಿಸಿದ ನೆಲದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಆ ಪದವನ್ನು ಓದಿದಾಗಲೆಲ್ಲ ಅದು ನೆನಪಾಗುತ್ತದೆ.

ಕಾಲುಚೀಲದ ನೂಲು ಒಂದು ಕಡೆ ಕಿತ್ತು ಉದ್ದಕ್ಕೆ ಬಿಟ್ಟುಕೊಂಡರೆ ಇಲ್ಲಿ ಅದಕ್ಕೂ ‘ರನ್’. ಬ್ರಿಟಿಷರು ಅದಕ್ಕೆ ‘ಏಣಿ’ ಎನ್ನುತ್ತಾರೆ, ನೋಡಲು ಹಾಗೆಯೇ ಕಾಣುತ್ತದೆ. ಸೀರೆಯ ಬಣ್ಣ ಒಗೆಯುವಾಗ ಬಿಟ್ಟರೆ ಅದೂ ಇದೇ ಪದ. ನಾವು ಬಣ್ಣ ಬಿಡುತ್ತದೆ ಎನ್ನುತ್ತೇವೆ, ಪಕ್ಕದ ಬಟ್ಟೆಗೆ ಹತ್ತುತ್ತದೆ ಎನ್ನುತ್ತೇವೆ. ಮನೆಯಲ್ಲಿ ಸಾಮಾನು ಮುಗಿಯುವುದಕ್ಕೂ ಇದೇ ಪದ, ‘ಔಟ್’ ಎಂಬ ಬಾಲದೊಂದಿಗೆ. ಅಲ್ಲಿ ಮಾತ್ರ ನನ್ನ ಅಜ್ಜಿಗೆ ‘ಮುಗಿದಿದೆ’ ಎಂಬುದೂ ಆಗುತ್ತಿರಲಿಲ್ಲ. ಕುಂಕುಮ ಖಾಲಿಯಾದರೆ ‘ಹೆಚ್ಚಿದೆ’ ಎನ್ನಬೇಕು. ನಾನು ಈ ದೇಶದ ಅಡುಗೆಮನೆಯಲ್ಲಿ ನಿಂತು ಮಗಳಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ.

ಕ್ರೀಡಾ ಪುಟ

ಕ್ರಿಕೆಟ್ ಬಗ್ಗೆ ಯಾರೂ ಬರೆಯಲಿಲ್ಲ! ಕನ್ನಡದಲ್ಲಿ ‘ರನ್’ ಎಂಬ ಪದ ಅತಿ ಹೆಚ್ಚು ಸಲ ಅಚ್ಚಾಗುವುದು ನಮ್ಮ ಪುಟದಲ್ಲೇ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅಂಕ ಬರೆಯುವವನು ಒಂದು ಕೋಲು ಹಿಡಿದು ಕೂರುತ್ತಿದ್ದ. ಒಂದು ಸಲ ಆಚೆಯಿಂದ ಈಚೆಗೆ ಓಡಿದರೆ ಕೋಲಿನ ಮೇಲೆ ಕತ್ತಿಯಿಂದ ಒಂದು ಗೀರು. ಅದಕ್ಕೇ ಆಗಿನವರು ಆಟಗಾರ ಇಷ್ಟು ‘ಗೀರು’ ಗಳಿಸಿದ ಎನ್ನುತ್ತಿದ್ದರು. ಕೋಲು ಹೋಗಿ ಕಾಗದ ಬಂದಾಗ ಗೀರೂ ಹೋಯಿತು, ಓಟ ಉಳಿಯಿತು. ಈಗ ಚೆಂಡು ಗೆರೆ ದಾಟಿದರೆ ಒಂದು ಹೆಜ್ಜೆಯನ್ನೂ ಓಡದೆ ನಾಲ್ಕು ಓಟ. ಪದ ತನ್ನ ಅರ್ಥವನ್ನು ಬಿಟ್ಟು ಎಷ್ಟು ದೂರ ಬರಬಲ್ಲದು ನೋಡಿ.

ನಮ್ಮಲ್ಲಿ ಹಿಂದೆ ‘ಓಟ’ ಎಂದೇ ಬರೆಯುವವರಿದ್ದರು. ಅದು ನಿಲ್ಲಲಿಲ್ಲ, ‘ರನ್’ ನಿಂತಿತು. ನನಗೆ ಅದರ ಬಗ್ಗೆ ಬೇಸರವಿಲ್ಲ. ಏಕೆಂದರೆ ಪದ ಇಂಗ್ಲಿಷಿನದಾದರೂ ಅದರ ಜೊತೆಗಿನ ಕ್ರಿಯಾಪದಗಳು ಅಪ್ಪಟ ಕನ್ನಡದವು. ರನ್ ಕಲೆಹಾಕಿದರು, ಪೇರಿಸಿದರು, ಬಿಟ್ಟುಕೊಟ್ಟರು, ರನ್ ಹೊಳೆ ಹರಿಸಿದರು. ಪೇರಿಸುವುದು ಹುಲ್ಲಿನ ಹೊರೆಯನ್ನು, ಸೌದೆಯನ್ನು. ಮೊದಲ ಸಲ ರನ್‌ಗಳನ್ನು ಪೇರಿಸಿದ ವರದಿಗಾರ ಯಾರೋ, ಅವನಿಗೆ ನನ್ನ ನಮಸ್ಕಾರ.

ಹಳಗನ್ನಡದ ವಿದ್ಯಾರ್ಥಿ

‘ರನ್ ಹೊಳೆ ಹರಿಸಿದರು’! ನಾನು ನಿನ್ನೆಯಿಂದ ಬರೆಯಬೇಕೆಂದಿದ್ದ ಮಾತನ್ನು ಕ್ರೀಡಾ ಪುಟದವರು ಗೊತ್ತಿಲ್ಲದೆ ಹೇಳಿಬಿಟ್ಟರು.

ಇಲ್ಲಿಯವರೆಗೆ ಎಲ್ಲರೂ ಓಡು ಮತ್ತು ನಡೆ ಎಂಬ ಎರಡು ಪದಗಳ ನಡುವೆ ಹುಡುಕುತ್ತಿದ್ದೀರಿ. ‘ರನ್’ ಪದದ ನಿಜವಾದ ಜೋಡಿ ಕನ್ನಡದಲ್ಲಿ ‘ಹರಿ’ ಎಂದು ನನಗೆ ಅನ್ನಿಸುತ್ತದೆ. ಇಂಗ್ಲಿಷ್ ಪದದ ಬೇರು ಹಳೆಯ ಇಂಗ್ಲಿಷಿನ ‘ರಿನ್ನನ್’. ನೀರು ಹರಿಯುವುದಕ್ಕೂ ಕಾಲು ಓಡುವುದಕ್ಕೂ ಅದು ಸಲ್ಲುತ್ತಿತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ನಮ್ಮ ‘ಹರಿ’ ಹಳಗನ್ನಡದಲ್ಲಿ ‘ಪರಿ’. ಅದಕ್ಕೂ ಎರಡೂ ಅರ್ಥ. ಹಳೆಯ ಕಾವ್ಯಗಳಲ್ಲಿ ‘ಪರಿತಂದು’, ಮುಂದೆ ‘ಹರಿತಂದು’ ಎಂದು ಬಂದರೆ ಓಡಿಬಂದು ಎಂದೇ ಅರ್ಥ. ನೀರಿಗೂ ಕಾಲಿಗೂ ಒಂದೇ ಕ್ರಿಯಾಪದ, ಎರಡೂ ಭಾಷೆಗಳಲ್ಲಿ, ಒಂದಕ್ಕೊಂದು ಗೊತ್ತೇ ಇಲ್ಲದೆ.

ಕಾಲಿನ ಅರ್ಥವನ್ನು ನಾವು ಆಮೇಲೆ ‘ಓಡು’ವಿಗೆ ಬಿಟ್ಟುಕೊಟ್ಟೆವು. ಉಳಿದುದನ್ನು ನೋಡಿ. ಹೊಳೆ ಹರಿಯುತ್ತದೆ. ಹಾವು ಹರಿಯುತ್ತದೆ, ಹರಿದಾಡುತ್ತದೆ. ಬೆಳಗು ಹರಿಯುತ್ತದೆ. ದೃಷ್ಟಿ ಹರಿಸುತ್ತೇವೆ, ಗಮನ ಹರಿಸುತ್ತೇವೆ. ಸುದ್ದಿ ಹರಿದಾಡುತ್ತದೆ. ಮತ್ತು ದಿನವೂ ಪತ್ರಿಕೆಯಲ್ಲಿ ಓದುವ ಆ ಭಯಂಕರ ಸಾಲು: ‘ಲಾರಿ ಹರಿದು ಪಾದಚಾರಿ ಸಾವು.’ ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಸುದ್ದಿಗೆ ‘ರನ್ ಓವರ್’ ಎಂದಿರುತ್ತದೆ. ಚಕ್ರ ಮನುಷ್ಯನ ಮೇಲೆ ನೀರಿನ ಹಾಗೆ ಹಾದುಹೋಯಿತು ಎಂಬ ಚಿತ್ರ ಎರಡೂ ಕಡೆ ಒಂದೇ.

ಕಡಲಾಚೆಯವರ ಕಾಲುಚೀಲಕ್ಕೂ ನಾವು ‘ಹರಿಯಿತು’ ಎನ್ನುತ್ತೇವೆ. ಅಲ್ಲಿ ಮಾತ್ರ ಎಚ್ಚರ ಬೇಕು. ಬಟ್ಟೆ ಹರಿಯುವ ‘ಹರಿ’ ಬೇರೆಯೇ ಪದ. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರ ದ್ರಾವಿಡ ಪದಮೂಲ ನಿಘಂಟಿನಲ್ಲಿ ಓಡುವ ‘ಪರಿ’ಗೂ ತುಂಡಾಗುವ ‘ಪರಿ’ಗೂ ಬೇರೆ ಬೇರೆ ನಮೂದು ಇದೆ. ಎರಡಕ್ಕೂ ರೂಪ ಒಂದೇ, ಅಷ್ಟೇ. ಒಂದು ಪದಕ್ಕೆ ಎಷ್ಟು ಅರ್ಥ ಎಂದು ಎಣಿಸುವ ಮೊದಲು ಅದು ಒಂದೇ ಪದವೇ ಎಂದು ನೋಡಬೇಕಾಗುತ್ತದೆ. ಹಾಗೆಯೇ ‘ಸುಧಾರಣೆಯ ಹರಿಕಾರ’ ಎನ್ನುವಾಗಿನ ಹರಿಕಾರ ಮುಂದೆ ಓಡುವವನು ಎಂದು ತೋರುತ್ತದೆ. ಆದರೆ ಅದು ಪಾರಸಿಯ ಹರಕಾರ, ಎಲ್ಲ ಕೆಲಸಕ್ಕೂ ಒದಗುವವನು ಎಂಬ ಅರ್ಥದ್ದು. ಓಲೆ ಹೊತ್ತು ಓಡುತ್ತಿದ್ದವನಿಗೆ ಆ ಹೆಸರಿತ್ತು. ಕಿವಿಗೆ ಹತ್ತಿರವಾದದ್ದನ್ನೆಲ್ಲ ನೆಂಟಸ್ತಿಕೆಗೆ ಎಳೆಯಬಾರದು, ಎಷ್ಟೇ ಆಸೆಯಾದರೂ.

ಸಾಗರದ ಇಂಗ್ಲಿಷ್ ಮೇಷ್ಟ್ರು

ವಿದ್ಯಾರ್ಥಿಗಳೇ, ನಾನು ಸೋತೆ, ಸಂತೋಷದಿಂದ ಸೋತೆ. ‘ಹರಿ’ ನನಗೆ ಹೊಳೆಯಲೇ ಇಲ್ಲ, ಶರಾವತಿಯ ಪಕ್ಕದಲ್ಲೇ ಇದ್ದೂ.

ನೀವು ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಲ್ಯಾಟಿನ್ ಭಾಷೆಯಲ್ಲಿ ಓಡುವುದಕ್ಕೆ ‘ಕುರ್ರೆರೆ’ ಎನ್ನುತ್ತಾರೆ. ಅದರ ಮಕ್ಕಳು, ಮೊಮ್ಮಕ್ಕಳು ಈಗ ನಮ್ಮ ಮನೆಯಲ್ಲೇ ಇದ್ದಾರೆ. ಕರೆಂಟ್, ಅಂದರೆ ಓಡುವಂಥದ್ದು. ಕರೆನ್ಸಿ, ಅಂದರೆ ಕೈಯಿಂದ ಕೈಗೆ ಓಡುವಂಥದ್ದು. ಅದಕ್ಕೆ ನಾವು ಚಲಾವಣೆ ಎಂಬ ಪದವನ್ನು ಇಟ್ಟುಕೊಂಡದ್ದು ಎಷ್ಟು ಸರಿಯಾಗಿದೆ! ಕೊರಿಯರ್ ತರುವ ಹುಡುಗ, ಕಚೇರಿಯ ಕಾರಿಡಾರ್, ಕಾಲೇಜಿನ ಕೋರ್ಸ್, ಎಲ್ಲ ಆ ಒಂದೇ ಬೇರಿನವು. ಮೊಬೈಲಿಗೆ ಕರೆನ್ಸಿ ಹಾಕಿಸಿಕೊಂಡು ಬರುವ ಹಳ್ಳಿಯ ಹುಡುಗ ರೋಮನ್ನರ ಓಟದ ಪದವನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದಾನೆ.

ಕೋಡ್ ಬರೆಯುವವ

ಹಾಗಾದರೆ ‘ಓಡು’ ಎಲ್ಲಿಯೂ ಬಳಸುವ ಹಾಗೆ ಇಲ್ಲವೇ? ಸಿನಿಮಾ ನೂರು ದಿನ ಓಡಿತು ಎನ್ನುತ್ತೇವಲ್ಲ. ತಲೆ ಓಡುತ್ತಿಲ್ಲ ಎನ್ನುತ್ತೇವೆ. ಗಾಡಿ ಓಡಿಸುತ್ತೇವೆ.

ಹಳಗನ್ನಡದ ವಿದ್ಯಾರ್ಥಿ

ಅವು ಮೂರೂ ಸರಿ. ಗಾಡಿ ಓಡಿಸುವುದು ಮಾತ್ರ ಎಲ್ಲ ಕಡೆ ಅಲ್ಲ, ಎಷ್ಟೋ ಊರುಗಳಲ್ಲಿ ಗಾಡಿ ಹೊಡೆಯುತ್ತಾರೆ, ಟ್ರ್ಯಾಕ್ಟರ್ ಹೊಡೆಯುತ್ತಾರೆ. ಎತ್ತಿನ ಬಂಡಿಯ ಕಾಲದಿಂದ ಬಂದದ್ದು ಅದು. ನನ್ನ ವಾದ ಇಷ್ಟೇ: ವಾಕ್ಯದಲ್ಲಿ ಸಾಗುತ್ತಿರುವುದು ಏನು ಎಂದು ಮೊದಲು ನೋಡಬೇಕು. ಅದಕ್ಕೆ ಕನ್ನಡದಲ್ಲಿ ಈಗಾಗಲೇ ಒಂದು ಕ್ರಿಯಾಪದ ಇದ್ದೇ ಇರುತ್ತದೆ. ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಹರಡಿ ಎಲ್ಲರೂ ದುಡ್ಡು ತೆಗೆಯಲು ಹೋದರೆ ಇಂಗ್ಲಿಷಿನಲ್ಲಿ ಅದೂ ‘ರನ್’. ನಾವು ಜನ ಮುಗಿಬಿದ್ದರು ಎನ್ನುತ್ತೇವೆ. ನಿಘಂಟಿನ ಯಾವ ಪುಟವೂ ‘ರನ್’ನಿಂದ ‘ಮುಗಿಬೀಳು’ವಿಗೆ ಕರೆದೊಯ್ಯುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ನಿಂತ ಜನವನ್ನು ಕಣ್ಣ ಮುಂದೆ ತಂದುಕೊಂಡರೆ ಪದ ಸಿಗುತ್ತದೆ.

ಹೇಮಾವತಿ ತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಆಳಕ್ಕೆ ಹೋಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಹಾಳೆಯನ್ನು ಹೊಸದಾಗಿ ಬರೆದಿದ್ದೇನೆ. ಗದಗಿನ ಅಕ್ಕ ಹೇಳಿದಂತೆ ಮೊದಲು ಅಮ್ಮನಿಗೆ, ಆಮೇಲೆ ಪಕ್ಕದ ಮನೆಯ ಬಾಣಂತಿಗೆ ಓದಲು ಕೊಟ್ಟು ಏನು ತಿಳಿಯಿತು ಎಂದು ಕೇಳಿದೆ. ಇಬ್ಬರೂ ಸರಿಯಾಗಿ ಹೇಳಿದರು. ಆ ಮೂರು ಸಾಲು ಈಗ ಹೀಗಿವೆ:

‘ಮಗುವಿಗೆ ಜ್ವರ ಬಂದು ಎರಡು ದಿನವಾದರೂ ಬಿಡದಿದ್ದರೆ ವೈದ್ಯರಿಗೆ ತೋರಿಸಿ.’
‘ನೆಗಡಿಯಾಗಿ ಮೂಗು ಸೋರುತ್ತಿದ್ದರೆ ಮೆತ್ತನೆಯ ಬಟ್ಟೆಯಿಂದ ಒರೆಸಿ.’
‘ಔಷಧ ಮುಗಿಯುವ ಮೊದಲೇ ಬಂದು ಮತ್ತೆ ತೆಗೆದುಕೊಂಡು ಹೋಗಿ.’

ಗದಗಿನ ನರ್ಸ್

ಬಹಳ ಚೆನ್ನಾಗಿದೆ ಅಕ್ಕ. ಮೊದಲ ಸಾಲಿನಲ್ಲಿ ಎರಡು ದಿನ ಎಂದು ನೀವೇ ಸೇರಿಸಿದಿರಾ? ಮೂಲದಲ್ಲಿ ‘ತಕ್ಷಣ’ ಎಂದಿತ್ತಲ್ಲ. ಎಳೆಯ ಕೂಸಿಗೆ, ಅದರಲ್ಲೂ ಮೂರು ತಿಂಗಳು ತುಂಬದ ಕೂಸಿಗೆ, ಜ್ವರ ಬಂದರೆ ಕಾಯಲೇಬಾರದು. ‘ಮಗುವಿಗೆ ಜ್ವರ ಬಂದರೆ ತಕ್ಷಣ ವೈದ್ಯರಿಗೆ ತೋರಿಸಿ’ ಎಂದಷ್ಟೇ ಬರೆಯಿರಿ. ಅಚ್ಚಿಗೆ ಹೋಗುವ ಮುಂಚೆ ಅಲ್ಲಿನ ಮಕ್ಕಳ ವೈದ್ಯರಿಗೂ ಒಮ್ಮೆ ಓದಿ ಹೇಳಿ.

ಹೇಮಾವತಿ ತೀರ

ಹೌದು, ಅದು ನಾನೇ ಸೇರಿಸಿದ್ದು. ವಾಕ್ಯ ಸಹಜವಾಗಿ ಕೇಳಲಿ ಎಂಬ ಹಂಬಲದಲ್ಲಿ ಮಾಡಿಬಿಟ್ಟೆ. ಈಗಲೇ ತಿದ್ದುತ್ತೇನೆ. ನಾಳೆ ಬೆಳಗ್ಗೆ ವೈದ್ಯರ ಬಳಿ ಹೋಗುತ್ತೇನೆ.